ಕಡ್ಡಿ ಇರುವ ಹೂವು

ನಮ್ಮ ಮನೆಯ ಹೂದಾನಿಯಲ್ಲಿದ್ದ ಪ್ಲಾಸ್ಟಿಕ್ ಗುಲಾಬಿಗಳು ಈಚೆಗೆ ತೀರಿಕೊಂಡವು. ಪ್ಲಾಸ್ಟಿಕ್ಕಿಗೆ ಸಾವೆಲ್ಲಿ ಎಂದು ನೀವು ನಗಬಹುದು. ನಗುವವರು ಒಂದು ಹೂವನ್ನು ಪ್ರತಿ ಆಯುಧಪೂಜೆಗೂ ಸೋಪಿನ ಪುಡಿಯಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ತಾರಸಿಯ ಬಿಸಿಲಿಗೆ ಒಣಹಾಕಿ ನೋಡಲಿ. ಈ ವರ್ಷ ಬ್ರಷ್ಷು ತಾಗಿಸಿದೆನೋ ಇಲ್ಲವೋ, ಎಸಳುಗಳು ಹಪ್ಪಳದ ಹಾಗೆ ಪುಡಿಪುಡಿಯಾದವು. ಅವುಗಳ ಮೇಲೆ ಕಾರ್ಖಾನೆಯವರೇ ಅಂಟಿಸಿ ಕಳಿಸಿದ್ದ ಮಂಜಿನ ಹನಿಗಳು ಮಾತ್ರ ಗಟ್ಟಿಮುಟ್ಟಾಗಿದ್ದವು.

ಆ ಹೂದಾನಿ ನಮ್ಮ ಗೃಹಪ್ರವೇಶಕ್ಕೆ ಬಂದದ್ದು. ಯಾರು ಕೊಟ್ಟರೋ ನೆನಪಿಲ್ಲ. ಅವತ್ತು ಬಂದಿದ್ದ ಗೋಡೆ ಗಡಿಯಾರಗಳನ್ನೆಲ್ಲ ಒಂದೊಂದಾಗಿ ಬೇರೆಯವರ ಗೃಹಪ್ರವೇಶಗಳಿಗೆ ದಾಟಿಸಿದ್ದೇವೆ, ಇದೊಂದು ಹೇಗೋ ಉಳಿದುಕೊಂಡಿತು. ದಪ್ಪ ಗಾಜು, ದುಂಡು ಹೊಟ್ಟೆ, ಸಣ್ಣ ಕೊರಳು. ನನ್ನ ಹೆಂಡತಿ ರತ್ನ ಎಸಳಿನ ಪುಡಿಯನ್ನು ಗುಡಿಸಿ, “ಸದ್ಯ, ಇನ್ಮೇಲೆ ಇದ್ರಲ್ಲಿ ಸೌಟುಗಳನ್ನ ಹಾಕಿಡ್ತೀನಿ” ಅಂದಳು.

“ಬೇಡ, ನಿಜವಾದ ಹೂ ಇಡೋಣ” ಎಂದೆ. ಯಾಕೆ ಹಾಗಂದೆನೋ ನನಗೇ ತಿಳಿಯದು. ನಾಳೆಯಿಂದ ವಾಕಿಂಗ್ ಹೋಗುತ್ತೇನೆ ಎಂದಾಗ ನೋಡುವ ಹಾಗೆಯೇ ರತ್ನ ನನ್ನನ್ನು ನೋಡಿದಳು.

ಆದರೆ ಅಂದಮೇಲೆ ನನಗೇ ಕುತೂಹಲ ಹತ್ತಿಕೊಂಡಿತು. ಹೂವಿಲ್ಲದ ದಿನವೇ ಇಲ್ಲದ ಮನೆ ನಮ್ಮದು. ದೇವರ ಪಟಕ್ಕೆ ಹೂವು, ಹೊಸ್ತಿಲಿಗೆ ಹೂವು, ರತ್ನಳ ತಲೆಗೆ ಹೂವು, ನನ್ನ ಸ್ಕೂಟರಿನ ಹ್ಯಾಂಡಲಿಗೂ ಶುಕ್ರವಾರ ಒಂದು ಹೂವು. ಇಷ್ಟಿದ್ದೂ ಹೂವಿಗೆಂದೇ ಹುಟ್ಟಿದ ಆ ಪಾತ್ರೆಗೆ ಇಷ್ಟು ವರ್ಷ ಒಂದು ನಿಜವಾದ ಹೂವನ್ನು ಇಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲವಲ್ಲ!

ನನ್ನ ಮನೆ ಚಾಮರಾಜನಗರದಲ್ಲಿ, ಕಚೇರಿ ಗುಂಡ್ಲುಪೇಟೆಯಲ್ಲಿ. ದಿನವೂ ಬಸ್ಸಿನ ಕಿಟಕಿಯಲ್ಲಿ ಕೂತು ಹೋಗಿಬರುವವನು. ಹೂವಿನ ಸುಗ್ಗಿಯಲ್ಲಿ ಗುಂಡ್ಲುಪೇಟೆಯ ಸುತ್ತ ಹೊಲಹೊಲವೇ ಚೆಂಡುಹೂವಿನಲ್ಲಿ ಮುಳುಗಿರುತ್ತದೆ. ಕೇರಳದ ಕಾರುಗಳು ರಸ್ತೆ ಬದಿಗೆ ಸಾಲಾಗಿ ನಿಂತು, ಮಂದಿ ಹೂವಿನ ನಡುವೆ ಸೊಂಟದವರೆಗೆ ಹೂತುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ಇಷ್ಟು ಹೂವಿರುವ ಊರಲ್ಲಿ ಒಂದು ಹೂದಾನಿ ತುಂಬಿಸುವುದೇನು ಮಹಾ ಎಂದುಕೊಂಡು ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಹೂ ಮಾರುವ ಪುಟ್ಟಮ್ಮನ ಮುಂದೆ ನಿಂತೆ.

“ಊವ ಯಾರ್ಗ ಸಾ? ದೇವ್ರಿಗಾ, ಮನೆಯವ್ರಿಗಾ?” ಎಂದಳು. ನಾನು ತಡವರಿಸುವುದನ್ನು ನೋಡಿ ದನಿ ತಗ್ಗಿಸಿ, “ಇಲ್ಲಾ... ದೊಡ್ ಆರ ಏನಾರ ಬೇಕಿತ್ತಾ?” ಎಂದಳು.

“ಅಯ್ಯೋ, ಅಂಥದ್ದೇನಿಲ್ಲ. ಸುಮ್ನೆ ಮನೇಲಿ ಇಡೋಕೆ.”

“ಸುಮ್ನ ಅಂದ್ರ?”

“ಸುಮ್ನೆ ಅಂದ್ರೆ... ಸುಮ್ನೆ” ಎಂದೆ. ನೀವೂ ಯೋಚಿಸಿ ನೋಡಿ. ನಮ್ಮ ಕಡೆ ಪ್ರತಿ ಹೂವಿಗೂ ಒಬ್ಬ ವಾರಸುದಾರ ಇದ್ದಾನೆ. ಬುಟ್ಟಿಯಲ್ಲಿರುವಾಗಲೇ ಅದು ದೇವರದ್ದೋ, ಹೆಂಗಸಿನದ್ದೋ, ಹೆಣದ್ದೋ ಎಂದು ತೀರ್ಮಾನವಾಗಿರುತ್ತದೆ. ಸುಮ್ಮನೆ ಇಡುವ ಹೂವು ಎಂಬುದು ಪುಟ್ಟಮ್ಮನ ವ್ಯಾಪಾರದಲ್ಲಿ ಬಂದೇ ಇರಲಿಲ್ಲ.

“ಕಡ್ಡಿ ಸಮೇತ ಬೇಕಮ್ಮ, ನೀರಲ್ಲಿ ನಿಲ್ಲಿಸ್ಬೇಕು” ಎಂದಾಗಂತೂ ಅವಳು ಪಕ್ಕದ ಸೌತೆಕಾಯಿಯವಳ ಮುಖ ನೋಡಿದಳು. “ಕಡ್ಡಿ ತಕ್ಕೊಂಡೋಗಿ ಎಮ್ಮಗ ಆಕೀರಾ ಸಾ?” ಎಂದಳು. ಕಡ್ಡಿ ಇದ್ದರೆ ತೂಕಕ್ಕೆ ಮೋಸ ಅಂತಾರೆ, ಬುಡದವರೆಗೆ ಚಿವುಟಿಯೇ ತರುವುದು, ಕಡ್ಡಿ ಕೇಳಿದವರು ಇದುವರೆಗೂ ಯಾರೂ ಇಲ್ಲ ಎಂದೆಲ್ಲ ವಿವರಿಸಿದಳು. ಆದರೂ ಗಿರಾಕಿಯನ್ನು ಬಿಟ್ಟುಕೊಡುವ ಹೆಂಗಸಲ್ಲ. ಮಾರನೆಯ ಸಂಜೆ ಸೇವಂತಿಗೆ, ಚೆಂಡುಹೂವು, ನಾಲ್ಕಾರು ಸುಗಂಧರಾಜದ ಕಡ್ಡಿಗಳನ್ನು ಸೊಪ್ಪಿನ ಕಟ್ಟಿನಂತೆ ಬಾಳೆನಾರಿನಲ್ಲಿ ಬಿಗಿದು ಇಟ್ಟಿದ್ದಳು. ಎರಡು ಕಾಫಿಯ ದುಡ್ಡೂ ಆಗಲಿಲ್ಲ.

ಬಸ್ಸಿನಲ್ಲಿ ಅದನ್ನು ಎದೆಗವಚಿಕೊಂಡು ಕೂತಿದ್ದಾಗ ಪರಿಚಯದ ಕಂಡಕ್ಟರು, “ಏನ್ ಸಾ, ರಿಟೈರಾಗ್ಬುಟ್ರಾ?” ಎಂದು ಕೈ ಕುಲುಕಿದ. ಮನೆಗೆ ಬಂದರೆ ಜಗುಲಿಯಲ್ಲಿ ಕೂತಿದ್ದ ಅವ್ವ, ಬಿಳಿಯ ಸುಗಂಧರಾಜವನ್ನು ಕಂಡವಳೇ ಎದ್ದು ನಿಂತು ಕೇಳಿದಳು: “ಯಾರ್ಲಾ ತೀರೋದ್ರು?”

ಅವ್ವನ ವಿಷಯ ಹೇಳದೆ ಈ ಹೂವಿನ ವಿಷಯ ಮುಂದೆ ಹೋಗುವುದಿಲ್ಲ.

ಅವ್ವ ನಮ್ಮ ಹಳ್ಳಿ ಹರವೆಯ ಸೊಸೆ. ಅವಳು ಮಾತಾಡುತ್ತಲೇ, ನನ್ನನ್ನು ಬೈಯುತ್ತಲೇ, ಕಣ್ಣು ಒಲೆಯ ಕಡೆಗೆ ಇಟ್ಟುಕೊಂಡೇ ಮಾರುಗಟ್ಟಲೆ ಹೂ ಕಟ್ಟುತ್ತಿದ್ದಳು. ಬಾಳೆನಾರನ್ನು ಸೀಳಿ ನೀರಿನ ಬಟ್ಟಲಲ್ಲಿ ಇಟ್ಟುಕೊಳ್ಳುತ್ತಿದ್ದಳು, ಒದ್ದೆ ನಾರಿನದೊಂದು ತುದಿ ಕಾಲ ಹೆಬ್ಬೆರಳಿಗೆ. ಎರಡು ಹೂ ಆಚೆ, ಎರಡು ಹೂ ಈಚೆ, ಒಂದು ಸುತ್ತು, ಒಂದು ಗಂಟು. ಮನೆಯ ಗಿಡದ ಹೂ ಸಾಲದೆ ಬಂದಾಗ ನನ್ನನ್ನು ಅಂಗಡಿಗೆ ಅಟ್ಟುತ್ತಿದ್ದಳು. ಮೊಳ ಎಂದರೆ ಮಾರುವವಳ ಮೊಳವಲ್ಲವೇ? “ಕುಳ್ಳೀತಾವು ತಕ್ಕೋಬ್ಯಾಡ, ಆ ಉದ್ದ ಕೈಯೋಳ್ ತಾವು ತಕ್ಕೊಂಡ್ ಬಾ” ಎಂದು ಹೇಳಿಕಳಿಸುತ್ತಿದ್ದಳು. ನಾನು ಮೂರ್ನಾಲ್ಕು ಅಂಗಡಿಗಳ ಮುಂದೆ ನಿಂತು ಹೂವಿನ ಬದಲು ಹೆಂಗಸರ ತೋಳುಗಳನ್ನು ಅಳೆಯುತ್ತಿದ್ದೆ. ಒಬ್ಬಳು ಗದರಿಸಿಯೂ ಇದ್ದಳು.

ಹರವೆಯಲ್ಲಿ ಮದುವೆ ಹೆಣ್ಣಿಗೆ ಮೊಗ್ಗಿನ ಜಡೆ ಹಾಕಬೇಕೆಂದರೆ ಅವ್ವನೇ ಬೇಕು. ಅವಳಿಗೆ ಹೆಣ್ಣು ಮಕ್ಕಳಿರಲಿಲ್ಲ, ನಾನೊಬ್ಬನೇ. ಹೀಗಾಗಿ ಅವಳ ಕೈಚಳಕಕ್ಕೆ ನನ್ನ ತಲೆಯೇ ಸಿಕ್ಕಿತು. ಚಾಮರಾಜನಗರದ ಸ್ಟುಡಿಯೋ ಒಂದರಲ್ಲಿ ತೆಗೆಸಿದ ಫೋಟೋ ಈಗಲೂ ಮನೆಯಲ್ಲಿದೆ. ಲಂಗ ತೊಟ್ಟು, ಮೊಗ್ಗಿನ ಜಡೆ ಕಾಣಲೆಂದು ಕನ್ನಡಿಗೆ ಬೆನ್ನು ಕೊಟ್ಟು ನಿಂತಿರುವ ಆ ಹುಡುಗಿ ನಾನೇ. ರತ್ನಳನ್ನು ನೋಡಲು ಹೋಗುವ ಮುಂಚೆ ಅದನ್ನು ಬೀರುವಿನಲ್ಲಿ ಬಚ್ಚಿಟ್ಟಿದ್ದೆ. ಮದುವೆಯಾದ ತಿಂಗಳಿಗೇ ಅವ್ವ ಹುಡುಕಿ ತೆಗೆದು ಸೊಸೆಗೆ ತೋರಿಸಿದಳು.

ಅವ್ವ ಮುಡಿಯುತ್ತಿದ್ದದ್ದು ಕನಕಾಂಬರ. ಅದಕ್ಕೆ ವಾಸನೆಯಿಲ್ಲ, ಎಸಳು ತೆಳ್ಳಗೆ, ಒಂದು ಹೂವನ್ನು ಬಿಡಿಯಾಗಿ ಕಂಡರೆ ಏನೂ ಅನ್ನಿಸುವುದಿಲ್ಲ. ಒತ್ತಾಗಿ ಕಟ್ಟಿ ಕರಿಯ ತುರುಬಿಗೆ ಸುತ್ತಿದಾಗಲೇ ಅದರ ಬಣ್ಣ ಏಳುವುದು. ಅಪ್ಪ ಹೋದ ದಿನ ಅದನ್ನು ಬಿಟ್ಟಳು. ಮುಡಿಯುವುದನ್ನು ಬಿಡುವುದು ನಮ್ಮಲ್ಲಿನ ರೂಢಿ. ಅವ್ವ ಮುಟ್ಟುವುದನ್ನೂ ಬಿಟ್ಟಳು. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ, ತಾನೇ ಬಿಗಿಮಾಡಿಕೊಂಡ ಕಟ್ಟುಪಾಡು. ರತ್ನ ಮೊಳ ಹೂ ತಂದು ಮೇಜಿನ ಮೇಲಿಟ್ಟರೆ ಅವ್ವ ಆ ಮೇಜನ್ನು ಬಳಸಿಕೊಂಡು ಹೋಗುತ್ತಿದ್ದಳು. “ಸ್ವಲ್ಪ ಕಟ್ಕೊಡಿ ಅತ್ತೆ, ನಂಗೆ ಬರಲ್ಲ” ಎಂದು ಬಿಡಿ ಹೂ ತಂದು ರತ್ನ ಎಷ್ಟೋ ಸಲ ಕೇಳಿದಳು. “ಕಣ್ ಕಾಣಲ್ಲ ಕಣಮ್ಮಿ” ಎನ್ನುತ್ತಿದ್ದಳು. ರಾಗಿಯಲ್ಲಿ ಕಲ್ಲು ಮಾತ್ರ ಚೆನ್ನಾಗಿಯೇ ಕಾಣುತ್ತಿತ್ತು.

ಅಂಥ ಮನೆಗೆ ನಾನು ಕಡ್ಡಿಯ ಕಟ್ಟನ್ನು ತಂದೆ. ಫೋನಿನಲ್ಲಿ ನೋಡಿಕೊಂಡು ಒಂದಿಷ್ಟು ಸಕ್ಕರೆ ಹಾಕಿದ ನೀರು ತುಂಬಿ, ಒಂದು ಗಂಟೆ ಒದ್ದಾಡಿ ಜೋಡಿಸಿ ಅದೇ ಮೇಜಿನ ಮೇಲಿಟ್ಟೆ. ಸಂತೆ ದಿನದ ಬಸ್ಸಿನಲ್ಲಿ ಜನ ನಿಂತಂತೆ ಹೂವುಗಳು ಒಂದರ ಮೇಲೊಂದು ಬಿದ್ದುಕೊಂಡು ನಿಂತವು. ಅವ್ವ ಬಾಗಿಲ ಹತ್ತಿರದಿಂದಲೇ, “ಊಜಿಗ ಯಾಕ್ಲಾ ಊವ ಸಿಗ್ಸಿದ್ದೀಯ?” ಎಂದಳು. ಸಣ್ಣ ಕೊರಳಿನ ನೀರಿನ ಪಾತ್ರೆ ಅವಳ ಲೆಕ್ಕದಲ್ಲಿ ಹೂಜಿಯೇ. ಅವಳ ಬಾಯಲ್ಲಿ ಹಕಾರ ನಿಲ್ಲದಾದ್ದರಿಂದ ಊಜಿ.

ಹಕಾರದ ಮಾತು ಬಂತಲ್ಲ, ಒಂದು ಚೂರು ಅಡ್ಡದಾರಿ. ಒಮ್ಮೆ ಪುಟ್ಟಮ್ಮನ ಹತ್ತಿರ ಒಬ್ಬ ಮಲಯಾಳಿ “ಪೂವ್, ಪೂವ್” ಎಂದು ಕೇಳಿ ಕೊಂಡುಹೋದ. “ಪಾಪ, ಅವ್ರ್ಗ ನಾಲ್ಗ ತಿರ್ಗಲ್ಲ ಸಾ, ಊವ ಅನ್ನಕ ಬರಲ್ಲ, ಪೂವ ಅಂತಾರ” ಎಂದು ಅವಳು ಮರುಕಪಟ್ಟಳು. ನಾವೂ ಹಿಂದೆ ಪೂ ಎಂದೇ ಅನ್ನುತ್ತಿದ್ದವರು ಎಂದು ಹೈಸ್ಕೂಲಿನ ಮೇಷ್ಟ್ರು ಹೇಳಿದ್ದು ನೆನಪಾಯಿತು. ಪೂವು ಹೋಗಿ ಹೂವಾಯಿತು, ಹೂವು ಪುಟ್ಟಮ್ಮನ ಬುಟ್ಟಿಯಲ್ಲಿ ಊವಾಯಿತು. ಹೀಗೆ ಒಂದೊಂದೇ ಎಸಳು ಉದುರಿದರೆ ಮೊಮ್ಮಕ್ಕಳ ಕಾಲಕ್ಕೆ ಏನು ಉಳಿಯುತ್ತದೋ ಕಾಣೆ.

ಇರಲಿ. ಮಾರನೆಯ ಸಂಜೆ ಬಂದು ನೋಡುತ್ತೇನೆ, ಹೂದಾನಿಯಲ್ಲಿ ಸುಗಂಧರಾಜ ಹಿಂದಕ್ಕೆ ಸರಿದಿದೆ, ಸೇವಂತಿಗೆ ಮುಂದೆ ಬಂದಿದೆ, ಚೆಂಡುಹೂವಿನ ಕಡ್ಡಿ ಗಿಡ್ಡವಾಗಿ ಅದು ಕೊರಳ ಸುತ್ತ ಕೂತಿದೆ. ನೋಡುವಂತಿತ್ತು. “ಚೆನ್ನಾಗಿ ಜೋಡಿಸಿದ್ದೀಯ” ಎಂದೆ ರತ್ನಳಿಗೆ. ಅವಳು ಸ್ಕೂಲಿನಲ್ಲಿ ಪಾಠ ಮಾಡಿ ಬಂದು ಕಾಲು ಚಾಚಿದ್ದಳು. “ನಂಗೇನ್ ಬೇರೆ ಕೆಲ್ಸ ಇಲ್ವಾ?” ಎಂದಳು. ಹೂವು ತಾನಾಗಿ ಬೆಳಕಿನ ಕಡೆ ತಿರುಗುತ್ತದೆ ಎಂದು ಎಲ್ಲೋ ಓದಿದ್ದೆ. ಕಡ್ಡಿಯನ್ನೂ ತಾನೇ ಕತ್ತರಿಸಿಕೊಳ್ಳುತ್ತದೆ ಎಂದು ಓದಿರಲಿಲ್ಲ. ಹಗಲೆಲ್ಲ ಮನೆಯಲ್ಲಿರುವವಳು ಅವ್ವ ಒಬ್ಬಳೇ ಎಂಬುದು ಗೊತ್ತಿದ್ದೂ ಆ ಕಡೆ ನನ್ನ ಬುದ್ಧಿ ಹೋಗಲಿಲ್ಲ. ಹೂ ಮುಟ್ಟದವಳೆಂದು ಅವಳನ್ನು ಎಂದೋ ಪಟ್ಟಿಯಿಂದ ತೆಗೆದುಬಿಟ್ಟಿದ್ದೆ.

ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಹೋದವನು ಕನ್ನಡಕ ಮರೆತು ವಾಪಸು ಬಂದೆ. ಕಿಟಕಿ ತೆರೆದಿತ್ತು. ಅವ್ವ ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು ಕೂತು, ನುಗ್ಗೆಕಾಯಿ ಹೆಚ್ಚುವಂತೆ ಸೇವಂತಿಗೆಯ ಕಡ್ಡಿಯನ್ನು ಓರೆಯಾಗಿ ಕತ್ತರಿಸುತ್ತಿದ್ದಳು. ಮುಂದೆ ಹೂದಾನಿ. ಬಾಯಲ್ಲಿ ಮಾತು ಬೇರೆ.

“ನೀನು ಎತ್ರುಕ್ಕ ಇದ್ದೀಯ, ಇಂದಕ್ಕೋಗು. ಎಲ್ಲಾರ್ಗೂ ಅಡ್ಡ ನಿಂತ್ಕಂಡ್ರ? ನೀನ್ ಬಾ ಕೂಸೇ, ಮುಂದಕ ಬಾ. ಅವ ಎಂಗ್ ನಿಲ್ಲಿಸ್ಬುಟ್ಟವ್ನ ನೋಡು ನಿಮ್ಮ, ಕುರಿ ದೊಡ್ಡಿಗ ತುಂಬ್ದಂಗ.”

ಆ ‘ಅವ’ ನಾನೇ. ನನಗೆ ನಗು ಬಂತು, ಬಾಯಿ ಮುಚ್ಚಿಕೊಂಡೆ. ಒಳಗೆ ಹೋಗಬಾರದು ಎಂದು ಮಾತ್ರ ಹೊಳೆಯಿತು. ನಾನು ಕಂಡೆನೆಂದು ತಿಳಿದರೆ ಅವ್ವ ಕೈ ತೆಗೆದುಬಿಡುತ್ತಾಳೆ, ಮತ್ತೆಂದೂ ಮುಟ್ಟುವುದಿಲ್ಲ. ಸದ್ದಿಲ್ಲದೆ ಹಿಂದಿರುಗಿದೆ. ಅವತ್ತು ಕನ್ನಡಕವಿಲ್ಲದೆ ಕಚೇರಿಯಲ್ಲಿ ಎಲ್ಲರಿಗೂ ನಮಸ್ಕಾರ ಮಾಡಿದೆ.

ರತ್ನಳಿಗೆ ಮಾತ್ರ ಹೇಳಿದೆ. ಇಬ್ಬರೂ ಬಾಯಿ ಹೊಲಿದುಕೊಂಡೆವು. ನಾನು ಬೇಕೆಂದೇ ಇನ್ನಷ್ಟು ಕೆಟ್ಟದಾಗಿ ಜೋಡಿಸತೊಡಗಿದೆ. ಕೆಟ್ಟದಾಗಿ ಜೋಡಿಸುವುದು ಸುಲಭವಲ್ಲ, ಅದಕ್ಕೂ ಕಲ್ಪನೆ ಬೇಕು. ಒಮ್ಮೆ ಎಲ್ಲ ಹೂವನ್ನೂ ಗೋಡೆಗೆ ಮುಖ ಮಾಡಿಸಿದೆ. ಒಮ್ಮೆ ನಟ್ಟನಡುವೆ ಒಂದು ದಂಟಿನ ಸೊಪ್ಪಿನ ಕಡ್ಡಿ ಸಿಗಿಸಿದೆ. ಸಂಜೆ ಬರುವಾಗ ದಂಟು ಸಾರಿಗೆ ಹೋಗಿರುತ್ತಿತ್ತು, ಹೂವು ನಗುತ್ತಿರುತ್ತಿತ್ತು. “ಎಷ್ಟ್ ಚೆನ್ನಾಗಿ ಜೋಡ್ಸಿದ್ದೀನಿ ನೋಡವ್ವ” ಎಂದು ನಾನೇ ಬೀಗುತ್ತಿದ್ದೆ. “ಊ, ನೀನ್ ಬುಡಪ್ಪ, ಸಾಮಾನ್ಯನಾ” ಎಂದು ಅವ್ವ ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದಳು.

ಈ ನಾಟಕ ಚೆನ್ನಾಗಿ ನಡೆದಿರುವಾಗ ಹರವೆಯಿಂದ ನಮ್ಮ ಸೋದರತ್ತೆ, ಅಪ್ಪನ ಅಕ್ಕ, ಹೇಳದೆ ಕೇಳದೆ ಬಂದರು. ಅದೊಂದು ರಜೆಯ ದಿನ, ರತ್ನ ಹೊರಗೆ ಹೋಗಿದ್ದಳು, ನಾನು ಒಳಕೋಣೆಯಲ್ಲಿ ಮಲಗಿದ್ದೆ. ನಾನು ನಿದ್ದೆಯಲ್ಲಿದ್ದೇನೆಂದು ಅವ್ವ ಹೂದಾನಿಯನ್ನು ಮುಂದಿಟ್ಟುಕೊಂಡು ಧೈರ್ಯವಾಗಿ ಕೂತಿದ್ದಳು. ಅತ್ತೆಯ ದನಿಗೆ ಎಚ್ಚರವಾಯಿತು.

“ಇದೇನಮ್ಮಿ ಇದು? ಊವ ಇಡ್ದಿದ್ದೀಯ?”

ಈಳಿಗೆಮಣೆ ಸರಿಸಿದ ಸದ್ದು. ಆಮೇಲೆ ಅವ್ವನ ದನಿ. “ಕಟ್ಟಿದ್ ಊವಿಗಲ್ವಾ ಅಕ್ಕ ಕಟ್ಟುಪಾಡು? ಇದ ಯಾರ್ ಕಟ್ಟವ್ರ? ಮುಡಿಯದಲ್ಲ, ದೇವ್ರಿಗ ಏರ್ಸದಲ್ಲ. ಸುಮ್ನ ಮಡ್ಗದು.”

ಪುಟ್ಟಮ್ಮನ ಮುಂದೆ ನಾನು ವಿವರಿಸಲಾರದೆ ಹೋದ ಆ ಸುಮ್ಮನೆಯನ್ನು ಅವ್ವ ಲಾಯರಿನಂತೆ ವಾದಿಸಿದಳು. ಮಂಚದ ಮೇಲೆಯೇ ಶಭಾಷ್ ಎಂದುಕೊಂಡೆ. ಆದರೆ ಅತ್ತೆ ಜಗಳವಾಡಲಿಲ್ಲ. ಅವರೂ ಹೂ ಬಿಟ್ಟವರೇ, ಅವ್ವನಿಗಿಂತ ಎಷ್ಟೋ ಮುಂಚೆ, ಇನ್ನೂ ಚಿಕ್ಕ ವಯಸ್ಸಿನಲ್ಲಿ. ಮೆಲ್ಲಗೆ ಒಂದೇ ಮಾತು ಕೇಳಿದರು.

“ನಾನೂ ಬುಟ್ಟಿಲ್ವಾ ಅಮ್ಮಿ? ನಂಗ ಆಸ ಇರ್ನಿಲ್ವಾ?”

ಅವ್ವ ಎದ್ದು ಅಡುಗೆಮನೆಗೆ ಹೋದ ಹೆಜ್ಜೆ ಕೇಳಿಸಿತು. ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು ಅತ್ತೆ ಹೊರಟುಹೋದರು. ಮರುದಿನದಿಂದ ಹೂದಾನಿ ನಾನು ಹೇಗೆ ಇಟ್ಟಿದ್ದೆನೋ ಹಾಗೆಯೇ ಇತ್ತು. ಗೋಡೆಗೆ ಮುಖ ಮಾಡಿದ ಹೂವು ಗೋಡೆ ನೋಡುತ್ತಲೇ ಬಾಡಿತು. ಅವ್ವ ಮತ್ತೆ ಆ ಮೇಜನ್ನು ಬಳಸಿಕೊಂಡು ಓಡಾಡತೊಡಗಿದಳು. ನನಗೆ ನಿಜಕ್ಕೂ ಸಂಕಟವಾಯಿತು. ಅತ್ತೆಯ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಆ ಪ್ರಶ್ನೆ ಅಡ್ಡ ಬರುತ್ತಿತ್ತು.

ಒಂದು ಸಂಜೆ ಅವ್ವ ಕಾಫಿ ಲೋಟ ಕೈಗೆ ಕೊಡುತ್ತ, ಬೇರೆಲ್ಲೋ ನೋಡುತ್ತ, “ಅಕ್ಕನ್ ಮನೇಲಿ ಇಂತ ಊಜಿ ಇಲ್ಲ” ಎಂದಳು.

ಅಷ್ಟೇ ಅಂದದ್ದು. ಭಾನುವಾರ ಪೇಟೆಯಲ್ಲಿ ಒಂದು ಹೂದಾನಿ ಕೊಂಡು, ಕಡ್ಡಿ ಸೇವಂತಿಗೆಯ ಕಟ್ಟಿನೊಂದಿಗೆ ಹರವೆಗೆ ಹೋದೆ. ಅತ್ತೆ ಅದನ್ನು ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ, ತಳ ನೋಡಿ, “ಇದ ತಕ್ಕಂಡು ನಾನೇನ್ ಮಾಡ್ಲಪ್ಪ?” ಎಂದರು.

“ಸುಮ್ನೆ ಇಡೋದು ಅತ್ತೆ.”

“ನಿಮ್ಮವ್ವ ಎಂಗ್ ಮಡ್ಗ್ತಳ? ಎತ್ರದ್ದು ಇಂದಕ್ಕಾ, ಮುಂದಕ್ಕಾ?”

“ಹಿಂದಕ್ಕೆ” ಎಂದೆ. ಅತ್ತೆ ಹೂವಿನ ಕಟ್ಟನ್ನು ಬಿಚ್ಚಲಿಲ್ಲ, ನೀರಿನ ಬಕೆಟ್ಟಿನಲ್ಲಿ ಅದ್ದಿಟ್ಟರು. ನಾನಿರುವಾಗ ಅವರೂ ಮುಟ್ಟುವವರಲ್ಲ ಎಂದು ತಿಳಿದು ಬೇಗ ಹೊರಟೆ. ಬೀದಿಯ ತಿರುವಿನಲ್ಲಿ ನಿಂತು ಇಣುಕಬೇಕೆಂಬ ಆಸೆಯನ್ನು ಬಹಳ ಕಷ್ಟಪಟ್ಟು ತಡೆದುಕೊಂಡೆ. ಮನೆಗೆ ಬಂದು ಅತ್ತೆ ಕೇಳಿದ ಪ್ರಶ್ನೆಯನ್ನು ಅವ್ವನಿಗೆ ಒಪ್ಪಿಸಿದೆ. ಮಾರನೆಯ ದಿನ ನಮ್ಮ ಹೂದಾನಿಯ ಹೂವುಗಳು ಗೋಡೆ ಬಿಟ್ಟು ನಮ್ಮ ಕಡೆ ತಿರುಗಿದ್ದವು.

ನಾನು ಸುಮ್ಮನಿರಬಹುದಿತ್ತು. ಆದರೆ ಕುತೂಹಲ ಎಂಬುದು ಕೆರೆತದ ಜಾತಿ. ಮೊನ್ನೆ ಸಂಜೆ ಪುಟ್ಟಮ್ಮನ ಬುಟ್ಟಿಯಲ್ಲಿ ಬಿಡಿ ಕನಕಾಂಬರ ರಾಶಿ ಬಿದ್ದಿತ್ತು. “ಅದನ್ನ ಕೊಡಮ್ಮ” ಎಂದೆ.

“ಅದ್ಕ ಕಡ್ಡಿ ಇಲ್ವಲ್ಲ ಸಾ!”

“ಗೊತ್ತು.”

ಪುಟ್ಟಮ್ಮ ನನ್ನನ್ನು ಒಮ್ಮೆ ನೋಡಿದಳು. “ಕಟ್ಕೊಡ್ಲಾ?”

“ಬೇಡ, ಹಂಗೇ ಕೊಡು.”

ಮನೆಗೆ ಬಂದು ಎಲೆಯ ಪೊಟ್ಟಣ ಬಿಚ್ಚಿ, ಏನೂ ತಿಳಿಯದವನಂತೆ ಕನಕಾಂಬರವನ್ನು ಒಂದೊಂದಾಗಿ ಹೂದಾನಿಯ ಬಾಯೊಳಗೆ ಹಾಕತೊಡಗಿದೆ. ಅವು ನೀರಿಗೆ ಬಿದ್ದು ತೇಲಿದವು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು, ಒಂದು ಹೂವು, ಎರಡು ಹೂವು. ಮೂರನೆಯದಕ್ಕೆ ಅವಳಿಗೆ ತಡೆಯಲಾಗಲಿಲ್ಲ.

“ಲೇ, ಕಡ್ಡಿ ಇಲ್ದುದ್ದ ತಂದು ನೀರ್ಗಾಕಿದ್ರ ನಿಂತ್ಕತದೇನ್ಲಾ? ನಿಂಗ್ಯಾವನ್ಲಾ ಕೆಲ್ಸ ಕೊಟ್ಟವ?”

“ಗೊತ್ತಾಗ್ಲಿಲ್ಲ ಕಣವ್ವ.”

“ಗೊತ್ತಾಗ್ನಿಲ್ವಂತ.” ಅವ್ವ ಮೇಜಿನ ಹತ್ತಿರ ಬಂದಳು, ಈ ಸಲ ಬಳಸದೆ ನೆಟ್ಟಗೆ. ಪೊಟ್ಟಣವನ್ನು ನನ್ನ ಕೈಯಿಂದ ಕಿತ್ತುಕೊಂಡು ನೆಲದ ಮೇಲೆ ಕೂತಳು. “ರತ್ನಾ, ದಾರ ಕೊಡಮ್ಮಿ” ಎಂದಳು. ರತ್ನ ಓಡಿದ ರಭಸಕ್ಕೆ ಬಾಗಿಲ ಪರದೆ ಅರ್ಧ ಕಿತ್ತುಬಂತು. ದಾರದ ತುದಿ ಕಾಲ ಹೆಬ್ಬೆರಳಿಗೆ ಸಿಕ್ಕಿಕೊಂಡಿತು. ಮೊದಲ ಗಂಟು ಜಾರಿತು, ಎರಡನೆಯದೂ ಜಾರಿತು. ಮೂರನೆಯದು ನಿಂತಿತು. ಆಮೇಲೆ ಬೆರಳುಗಳು ಅವಳನ್ನು ಕೇಳಲೇ ಇಲ್ಲ. ಎರಡು ಆಚೆ, ಎರಡು ಈಚೆ, ಒಂದು ಸುತ್ತು, ಒಂದು ಗಂಟು. ಕಟ್ಟದ ಹೂವಿಗೆ ಕಟ್ಟುಪಾಡಿಲ್ಲ ಎಂದು ವಾದಿಸಿದ್ದವಳು ಕಟ್ಟುತ್ತಿದ್ದಳು. 

ಮೊದಲ ಮೊಳವನ್ನು ಹರಿದು ಸೊಸೆಯ ಕೈಗೆ ಹಾಕಿದಳು. ಉಳಿದದ್ದನ್ನು ಕೈಯಲ್ಲಿ ಹಿಡಿದಳು. ಅವಳ ಕೈ ತಲೆಯ ಕಡೆ ಅರ್ಧದವರೆಗೆ ಎದ್ದದ್ದನ್ನು ನಾನು ಕಂಡೆ. ಅಲ್ಲಿಂದ ಅದು ತಿರುಗಿ ಹೂದಾನಿಯ ಕಡೆಗೆ ಹೋಯಿತು. ಅದರ ಸಣ್ಣ ಕೊರಳಿಗೆ ಕನಕಾಂಬರವನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ, ಹಿಂದಕ್ಕೆ ಸರಿದು ನೋಡಿದಳು.

“ಊಜಿ ಮುಡ್ಕಳ್ಳಿ ಬುಡು” ಎಂದಳು ಅವ್ವ. “ಅದ್ಕೇನ್ ಗಂಡ ಸತ್ತವ್ನಾ?”